ಎರಡನೇ ಚೀಲದ ಮೇಲೆ ಒಂಬತ್ತು ವರ್ಷ

ಸೋಮವಾರದಿಂದ ಮೈದಾನದ ಮೇಲೆ ಬಲೆ ಕಟ್ಟುತ್ತಾರಂತೆ ಎಂಬ ಸುದ್ದಿ ನನ್ನ ಕಿವಿಗೆ ಬಿದ್ದಾಗ ನಾನು ಎಡಗಡೆಯ ಹುಲ್ಲಿನಲ್ಲಿ ಆ ತುದಿಯಿಂದ ಈ ತುದಿಗೆ ತಿರುಗಾಡುತ್ತಿದ್ದೆ. ಚೆಂಡು ಕಾಯುವವರು ಕೂತು ಕಾಯಬಹುದು ಎಂದು ನಿಯಮ ಬದಲಾಗಿ ಮೂವತ್ತು ವರ್ಷವಾಗಿದೆ. ಕುರ್ಚಿಯನ್ನೂ ಕಮಿಟಿಯವರೇ ಹಾಕಿಕೊಟ್ಟಿದ್ದಾರೆ. ಆದರೆ ಐದು ವರ್ಷದಿಂದ ನನಗೆ ಒಂದು ಕಡೆ ಕೂಡಲು ಆಗುತ್ತಿರಲಿಲ್ಲ. ಕೂತರೆ ಎದುರಿಗೆ ಎರಡನೇ ಚೀಲದ ಮೇಲೆ ನನ್ನ ಗಂಡ ಕಾಣುತ್ತಿದ್ದರು. ಎದ್ದು ತಿರುಗಿದರೂ ಕಾಣುತ್ತಿದ್ದರು, ಆದರೆ ಅರ್ಧ ಹೊತ್ತು ಬೆನ್ನು ತಿರುಗಿಸಿಕೊಳ್ಳಬಹುದಿತ್ತು.

ನಮ್ಮೂರಿನಲ್ಲಿ ಎತ್ತರಕ್ಕೆ ಹೊಡೆದ ಚೆಂಡು ತನಗೆ ಬೇಕಾದಾಗ ಇಳಿಯುತ್ತದೆ. ಕೆಲವು ಅರ್ಧ ತಾಸಿಗೆ ಬರುತ್ತವೆ, ಕೆಲವು ದೀಪಾವಳಿಗೆ ಹೋದವು ಯುಗಾದಿಗೆ ಬರುತ್ತವೆ. ನಮ್ಮ ಸೋದರತ್ತೆ ಹೊಡೆದ ಒಂದು ಚೆಂಡು ಅವಳ ಮೊಮ್ಮಗಳ ನಾಮಕರಣದ ದಿನ ಪಾಯಸದ ಪಾತ್ರೆಗೇ ಬಂದು ಬಿತ್ತು, ಪಾತ್ರೆ ತಳ ಕಿತ್ತು ಹೋಯಿತು. ಹೋದ ದಿಕ್ಕಿಗೇ ಇಳಿಯುತ್ತವೆ ಎಂಬುದೊಂದು ಗ್ಯಾರಂಟಿ. ಕತ್ತಲಾದ ಮೇಲೆ ಯಾವುದೂ ಬರುವುದಿಲ್ಲ ಎಂಬುದು ಇನ್ನೊಂದು. ಮೈದಾನದ ಸುತ್ತಲ ಮನೆಗಳಿಗೆ ದಪ್ಪ ತಗಡು ಹೊದಿಸಿದ್ದಾರೆ, ಕಾಯಿಪಲ್ಲೆ ಮಾರುವವರು ತಲೆಯ ಮೇಲೆ ಬುಟ್ಟಿ ಬೋರಲು ಹಾಕಿಕೊಂಡೇ ವ್ಯಾಪಾರ ಮಾಡುತ್ತಾರೆ. ಅದೆಲ್ಲ ರೂಢಿಯಾಗಿ ಹೋಗಿದೆ.

ಬೇಸ್‌ಬಾಲ್ ನಮ್ಮೂರಿಗೆ ಯಾರು ತಂದರು ಎಂಬುದು ನನಗೆ ಗೊತ್ತಿಲ್ಲ. ನಮ್ಮಜ್ಜಿಯ ಕಾಲದಲ್ಲಿ ಆಟ ಹೇಗಿತ್ತು ಎಂಬುದು ಮಾತ್ರ ಅವಳ ಬಾಯಿಂದಲೇ ಕೇಳಿದ್ದೇನೆ. ಆಗ ಗ್ಲೌಸು ಇರಲಿಲ್ಲ, ಸೆರಗು ಒಡ್ಡಿ ಹಿಡಿಯುತ್ತಿದ್ದರು. ಗಂಡಸರು ಹೆಂಗಸರು ಎಂಬ ಭೇದವೂ ಇರಲಿಲ್ಲ, ಒಂಬತ್ತು ಮಂದಿ ಸಿಕ್ಕರೆ ಸಾಕಿತ್ತು. ನಿಯಮ ಇಷ್ಟೆ: ಹೊಡೆದವನು ಮೂಲೆಗೊಂದರಂತೆ ಇಟ್ಟ ನಾಲ್ಕು ಚೀಲ ಸುತ್ತಿ ಓಡಬೇಕು, ಸುತ್ತು ಮುಗಿದರೆ ಒಂದು ರನ್; ಅಂಪೈರ್ "ಮ್ಯಾಲೈತಿ!" ಎಂದು ಕೂಗಿದ ಕೂಡಲೇ ಯಾವ ಚೀಲದ ಮೇಲೆ ಕಾಲಿದೆಯೋ ಅಲ್ಲೇ ನಿಲ್ಲಬೇಕು. ಮರಳು ತುಂಬಿದ ಆ ಗೋಣಿಚೀಲದಿಂದ ಚೆಂಡು ಇಳಿಯುವವರೆಗೆ ಕಾಲು ತೆಗೆಯುವಂತಿಲ್ಲ. ಯಾರ ಕಡೆಗೆ ಚೆಂಡು ಹೋಗಿದೆಯೋ ಅವರೂ ಜಾಗ ಬಿಡುವಂತಿಲ್ಲ. ಉಳಿದವರು ಕಾಯುವವರ ನಡುವೆಯೇ ಬೇರೆ ಆಟ ಹೂಡಿಕೊಳ್ಳುತ್ತಾರೆ. ನೆಲ ಮುಟ್ಟಿದರೆ ಓಡಬಹುದು, ಅದಕ್ಕೆ ಮೊದಲೇ ಹಿಡಿದರೆ ಔಟ್. ಅಜ್ಜಿಯ ಕಾಲದಲ್ಲಿ ಊಟ, ನಿದ್ದೆ, ಮಳೆ ಎಲ್ಲ ಅಲ್ಲೇ. ಮೊದಲನೇ ಚೀಲದ ಮೇಲೆ ನಿಂತೇ ತಾಳಿ ಕಟ್ಟಿಸಿಕೊಂಡವಳು ಅವಳು.

ಆಮೇಲೆ ಒಂದೊಂದಾಗಿ ಸಡಿಲವಾಯಿತು. ಮೊದಲು ಕುರ್ಚಿ ಬಂತು. ಆಮೇಲೆ ನೆರಳಿಗೆ ಛತ್ರಿ. ನಮ್ಮಪ್ಪನ ಕಾಲದಲ್ಲಿ ಬದಲಿ ಕಾಲು ಬಂತು, ಅಂದರೆ ಮೈ ತೊಳೆಯಲು ಹೋಗಿ ಬರುವಷ್ಟು ಹೊತ್ತು ಮನೆಯವರು ಯಾರಾದರೂ ಚೀಲದ ಮೇಲೆ ಕಾಲಿಡಬಹುದು. ನಾನು ಆಡಲು ಶುರುಮಾಡಿದ ವರ್ಷ ಹೊತ್ತು ಮುಳುಗಿದ ಮೇಲೆ ಮನೆಗೆ ಹೋಗಬಹುದು ಎಂದಾಯಿತು. ಹಳಬರು ಇದಕ್ಕೆಲ್ಲ ಮೂಗು ಮುರಿದರು. ಬದಲಾಗದೆ ಉಳಿದಿದ್ದು ಒಂದೇ: ಹುಟ್ಟಿದ ಓಣಿಗೇ ಆಡಬೇಕು, ಕೊಟ್ಟ ಓಣಿಗಲ್ಲ. ಹಾಗಾಗಿ ಮೇಲಿನ ಓಣಿಯ ಗುರುಪಾದನನ್ನು ಮದುವೆಯಾಗಿ ಅದೇ ಓಣಿಯಲ್ಲಿ ಸಂಸಾರ ಮಾಡುತ್ತ ನಾನು ಕೆಳಗಿನ ಓಣಿಗೆ ಎಡಗಡೆ ಕಾಯುತ್ತಿದ್ದೆ.

ನಮ್ಮವರು ಹೊಲಿಗೆ ಮಷೀನ್ ರಿಪೇರಿ ಮಾಡುವವರು. ಮಾತು ಕಡಿಮೆ. ಮದುವೆಮನೆಯಲ್ಲಿ ಎರಡು ಪಂಕ್ತಿ ಎದ್ದ ಮೇಲೂ ಇವರಿಗೆ ಯಾರೂ ಎಲೆ ಹಾಕಿರುವುದಿಲ್ಲ, ಇವರೂ ಕೇಳುವುದಿಲ್ಲ, ಅಂಥವರು. ಆಟದಲ್ಲೂ ಹಾಗೇ. ಹನ್ನೊಂದು ವರ್ಷ ಆಡಿದರೂ ಬ್ಯಾಟಿಗೆ ಚೆಂಡು ತಾಗಿದರೆ ಅದೇ ಹೆಚ್ಚು. ಒಂಬತ್ತು ವರ್ಷದ ಹಿಂದೆ ಎರಡೂ ಓಣಿಯ ಆಟದ ದಿನ ಕೊನೆಯ ಸರದಿ ಇವರದಾಗಿತ್ತು. ಎರಡೂ ಓಣಿಗೆ ಸಮಸಮ ರನ್ ಆಗಿತ್ತು. ಸಮವಾದರೆ ಮೊದಲು ಬ್ಯಾಟು ಹಿಡಿದ ಓಣಿ ಗೆದ್ದಂತೆ, ಅಂದರೆ ನಾವು. ನಮ್ಮ ಕಡೆಯವರೆಲ್ಲ ಆಗಲೇ ಗ್ಲೌಸು ಬಿಚ್ಚುತ್ತಿದ್ದರು. ಇವರು ಕಣ್ಣು ಮುಚ್ಚಿ ಬ್ಯಾಟು ಬೀಸಿದರು. ಅಂಥ ಶಬ್ದ ಆ ಮೈದಾನದಲ್ಲಿ ಅದಕ್ಕೂ ಮುಂಚೆ ಯಾರೂ ಕೇಳಿರಲಿಲ್ಲ. ಚೆಂಡು ನನ್ನ ತಲೆಯ ಮೇಲೆ ನೇರ ಹೋಯಿತು, ಚುಕ್ಕೆಯಾಯಿತು, ಇಲ್ಲವಾಯಿತು. ಇವರು ಎರಡನೇ ಚೀಲ ಮುಟ್ಟುವಾಗ ಅಂಪೈರ್ ಚನ್ನವೀರಯ್ಯ ಕೂಗಿದರು. ಮೇಲಿನ ಓಣಿಯ ಮಂದಿ ಓಡಿ ಬಂದು ಇವರ ಹೆಸರು ಹಿಡಿದು ಕುಣಿದರು. ಇವರು ನನ್ನ ಕಡೆ ನೋಡಿ ನಕ್ಕರು. ಆ ನಗೆ ನಾನು ಅದಕ್ಕೂ ಮೊದಲು ಕಂಡಿರಲಿಲ್ಲ. ಎದುರಾಳಿ ಎಂಬುದನ್ನೂ ಮರೆತು ನಾನೂ ನಕ್ಕೆ.

ಅಂದಿನಿಂದ ದಿನವೂ ಬೆಳಿಗ್ಗೆ ಇಬ್ಬರೂ ಬುತ್ತಿ ಕಟ್ಟಿಕೊಂಡು ಮೈದಾನಕ್ಕೆ ಹೋಗುವುದು, ಅವರು ಚೀಲದ ಮೇಲೆ, ನಾನು ಹುಲ್ಲಿನಲ್ಲಿ. ಹೊತ್ತು ಮುಳುಗಿದ ಮೇಲೆ ಇಬ್ಬರೂ ಮನೆಗೆ ಬರುವುದು. ಕೆಲಸವನ್ನು ಅವರು ಚೀಲದ ಹತ್ತಿರಕ್ಕೇ ತಂದುಕೊಂಡರು. ಒಂದು ಕಾಲು ಚೀಲದ ಮೇಲೆ, ಎದುರಿಗೆ ಬಿಚ್ಚಿದ ಮಷೀನು. ಜನ ರಿಪೇರಿಗೆ ಬಂದವರು ಕೂತು ಮಾತಾಡಿ ಹೋಗತೊಡಗಿದರು. ವರ್ಷ ಕಳೆದ ಹಾಗೆಲ್ಲ ಆ ಹೊಡೆತ ದೊಡ್ಡದಾಯಿತು. ಎಷ್ಟು ಎತ್ತರ ಹೋಗಿದ್ದರೆ ಇನ್ನೂ ಬಂದಿಲ್ಲ, ಯೋಚಿಸಿ! ಹೆಣ್ಣು ಗಂಡು ಕೂಡಿಸುವವರು ಇವರನ್ನು ಒಂದು ಮಾತು ಕೇಳಿ ಮುಂದುವರಿದರು. ಮಾತಾಡದ ಮನುಷ್ಯ ಮಾತು ಕಲಿತರು, ತಮಾಷೆ ಮಾಡುವುದನ್ನೂ ಕಲಿತರು.

ನಾಲ್ಕನೇ ವರ್ಷ ಮಾಘ ಮಾಸದ ಒಂದು ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ನನ್ನ ಗ್ಲೌಸು ನನಗೇ ಕಾಣುತ್ತಿರಲಿಲ್ಲ. ಊರಿಗೆ ಊರೇ ಒಂದು ಮದುವೆಗೆ ಹೋಗಿತ್ತು. ಚನ್ನವೀರಯ್ಯನವರೂ ಉಪ್ಪಿಟ್ಟಿನ ಆಸೆಗೆ ಹೋಗಿದ್ದರು. ತಲೆಯ ಮೇಲೆ ಸುಂಯ್ ಎಂದಿತು. ನಾನು ಯೋಚಿಸಲಿಲ್ಲ. ನಾಲ್ಕು ಹೆಜ್ಜೆ ಹಿಂದಕ್ಕೆ ಓಡಿ ಎಡಗೈ ಚಾಚಿದೆ. ಚೆಂಡು ಗ್ಲೌಸಿನಲ್ಲಿ ಬಂದು ಕೂತಿತು. ಮೊಣಕೈವರೆಗೆ ಜುಮ್ಮೆಂದಿತು. ನನ್ನ ಜನ್ಮದಲ್ಲಿ ಅಂಥ ಕ್ಯಾಚು ನಾನು ಹಿಡಿದಿರಲಿಲ್ಲ, ಇನ್ನು ಹಿಡಿಯುವುದೂ ಇಲ್ಲ. "ಬಂತು!" ಎಂದು ಕೂಗಲು ಬಾಯಿ ತೆರೆದೆ. ಮಂಜಿನ ಆ ಕಡೆಯಿಂದ ಇವರು ಯಾವುದೋ ಹಾಡು ಗುನುಗುತ್ತ ಸ್ಕ್ರೂ ತಿರುಗಿಸುವುದು ಕೇಳಿಸುತ್ತಿತ್ತು. ಬಾಯಿ ಮುಚ್ಚಿಕೊಂಡೆ. ಸಂಜೆ ಚೆಂಡನ್ನು ಬುತ್ತಿಯ ಬಟ್ಟೆಯಲ್ಲಿ ಸುತ್ತಿ ತಂದು ಅಡುಗೆಮನೆಯ ಗಡಿಗೆಯಲ್ಲಿ ಹುಣಸೆಹಣ್ಣಿನ ಅಡಿಗೆ ಇಟ್ಟೆ.

ನಾಳೆ ಹೇಳಿದರಾಯಿತು ಎಂದೇ ಇಟ್ಟಿದ್ದು. ಆ ನಾಳೆ ಐದು ವರ್ಷ ಎಳೆಯಿತು. ಜೀವನದಲ್ಲಿ ಒಂದೇ ಒಂದು ಸಲ ದೊಡ್ಡವರಾದ ಮನುಷ್ಯನನ್ನು ನನ್ನ ಕೈಯಾರೆ ಇಳಿಸುವುದು ಹೇಗೆ? ಜೊತೆಗೆ ಇನ್ನೊಂದು ಹೊಟ್ಟೆಯುರಿಯೂ ಇತ್ತು, ಮುಚ್ಚಿಡುವುದೇಕೆ. ಊರಿನ ಅತಿ ದೊಡ್ಡ ಹೊಡೆತವನ್ನು ಹಿಡಿದವಳು ನಾನು, ಅದನ್ನು ಒಬ್ಬರಿಗೂ ಹೇಳುವಂತಿಲ್ಲ. ಇವರ ಹೊಡೆತವನ್ನು ಹೊಗಳಲು ಬಂದವರಿಗೆಲ್ಲ ಚಹಾ ಕೊಡುವುದು, ಹೌದ್ರಿ ಹೌದ್ರಿ ಎನ್ನುವುದು, ಬೆಳಗಾದರೆ ಹೋಗಿ ಏನೂ ಇಲ್ಲದ ಆಕಾಶವನ್ನು ನೋಡುತ್ತ ನಿಲ್ಲುವುದು. ಕತ್ತು ನೋಯುತ್ತದೆಂದು ಅವರೇ ರಾತ್ರಿ ಎಣ್ಣೆ ಹಚ್ಚುತ್ತಿದ್ದರು. ಆಗ ನನಗೆ ಎದ್ದು ಎಲ್ಲಿಗಾದರೂ ಓಡಿ ಹೋಗೋಣ ಎನಿಸುತ್ತಿತ್ತು.

ಇಷ್ಟರೊಳಗೆ ಆಟ ನಮ್ಮನ್ನು ದಾಟಿ ಮುಂದೆ ಹೋಗಿತ್ತು. ಈಗಿನ ಹುಡುಗ ಹುಡುಗಿಯರು ಎತ್ತರಕ್ಕೆ ಹೊಡೆಯುವುದನ್ನೇ ಬಿಟ್ಟರು. ಯಾರಿಗಿದೆ ಪುರುಸೊತ್ತು? ಚೆಂಡನ್ನು ನೆಲಕ್ಕೆ ಒರೆಸಿಕೊಂಡೇ ಹೊಡೆಯುತ್ತಾರೆ, ಐದು ಗಂಟೆಗೆ ಆಟ ಮುಗಿಸಿ ಮನೆಗೆ ಹೋಗುತ್ತಾರೆ. ಹೊಸ ಕಮಿಟಿಯ ಅಧ್ಯಕ್ಷೆ ಶಮೀಮ್ ಮೂವತ್ತೂ ದಾಟದ ಚುರುಕು ಹೆಂಗಸು. ಅವಳೇ ಒಂದು ಗುರುವಾರ ಧ್ವನಿವರ್ಧಕ ಹಿಡಿದು ಮೈದಾನಕ್ಕೆ ಬಂದಳು.

"ಎಲ್ಲಾರೂ ಕೇಳ್ರಿ. ಸೋಮವಾರದಿಂದ ಮ್ಯಾಲ ಬಲೆ. ಹದಿನೈದು ನಿಮಿಷದಾಗ ಇಳೀಲಾರದ ಚೆಂಡು ರದ್ದು. ಅಂಪೈರ್ ಒಬ್ಬರು ಇದ್ದದ್ದು ಮೂರು ಮಂದಿ. ಈಗ ಮ್ಯಾಲ ಇರೋ ಹದಿನೇಳು ಚೆಂಡೂ ರದ್ದು. ಕಾಯೋರೆಲ್ಲಾ ಮನಿಗೆ ಹೋಗಬೌದು."

ಉಳಿದ ಹದಿನಾರು ಚೆಂಡು ಕಾಯುತ್ತಿದ್ದವರ ಮುಖ ನೋಡಬೇಕಿತ್ತು! ಮೂರನೇ ಚೀಲದ ಮೇಲಿದ್ದ ಮಾಸ್ತರರು ಶಾಲೆಗೆ ರಜೆ ಬಿಟ್ಟ ಮಕ್ಕಳಂತೆ ಕುರ್ಚಿ ಹೊತ್ತುಕೊಂಡು ನಡೆದೇಬಿಟ್ಟರು. ನನಗೂ ಎದೆಯ ಮೇಲಿನ ಬೀಸುವ ಕಲ್ಲು ಇಳಿದಂತಾಯಿತು. ರದ್ದು ಎಂದರೆ ಔಟೂ ಅಲ್ಲ, ರನ್ನೂ ಅಲ್ಲ. ಇವರು ಔಟಾಗದೆ ಇಳಿಯುತ್ತಾರೆ, ನಾನು ಆ ಹಾಳು ಚೆಂಡನ್ನು ಒಲೆಗೆ ಹಾಕುತ್ತೇನೆ, ಮುಗಿಯಿತು. ಹತ್ತಿರ ಹೋಗಿ "ನಡೀರಿ" ಎಂದೆ. ಇವರು ಕಾಲು ತೆಗೆಯಲಿಲ್ಲ.

"ಕಾಕಾ, ನಿಮಗ ಹೇಳಿದ್ದು," ಎಂದಳು ಶಮೀಮ್.

"ಕೇಳೇನವಾ. ನಿಮ್ಮ ಚೆಂಡು ನೀವು ರದ್ದು ಮಾಡ್ಕೋರಿ. ನಂದು ಮ್ಯಾಲೈತಿ. ಬರೂತನಕ ನಾ ಇಳಿಯೂದಿಲ್ಲ."

"ಒಂಬತ್ತು ವರ್ಷ ಆತು ಕಾಕಾ! ಹದಿನೈದು ನಿಮಿಷ ಸಾಲೂದಿಲ್ಲೇನು ಒಂದು ಚೆಂಡಿಗೆ?"

"ಅದನ್ನ ನೀ ಚೆಂಡಿಗೇ ಕೇಳಬೇಕು."

ಸುತ್ತ ನಿಂತವರು ನಕ್ಕರು. ಶಮೀಮಳಿಗೂ ನಗು ಬಂತು. ನನಗೆ ಬರಲಿಲ್ಲ. ಅಂದು ಸಂಜೆ ಇವರು ಮನೆಗೆ ಬರಲಿಲ್ಲ. ಮನೆಗೆ ಹೋದ ಹೊತ್ತಿನಲ್ಲಿ ಬಲೆ ಕಟ್ಟಿಬಿಟ್ಟರೆ ಎಂಬ ಅನುಮಾನ. ನಮ್ಮಜ್ಜಿಯ ಕಾಲದವರ ಹಾಗೆ ಇಪ್ಪತ್ನಾಲ್ಕು ತಾಸೂ ಅಲ್ಲೇ ಕೂತರು. ಬಲೆಯ ವಿಚಾರ ಕೈಬಿಡುವವರೆಗೆ ಅನ್ನ ಮುಟ್ಟುವುದಿಲ್ಲ ಎಂದರು. ಶುಕ್ರವಾರ ಬುತ್ತಿ ಹಾಗೇ ವಾಪಸ್ಸು ಬಂತು. ಶನಿವಾರ ಚೀಲದ ಮೇಲಿನ ಕಾಲು ಊದಿಕೊಂಡಿತು. ಭಾನುವಾರ ಬೆಳಿಗ್ಗೆ ಹೋದಾಗ ತುಟಿ ಒಣಗಿ ಸೀಳಿತ್ತು, ಮಾತು ತಡವರಿಸುತ್ತಿತ್ತು. ಆದರೂ ನನ್ನನ್ನು ನೋಡಿ, "ನೀ ಯಾಕ ಇಲ್ಲಿ ನಿಂತಿ, ನಿನ್ನ ಜಾಗಕ್ಕ ಹೋಗು. ಇವತ್ತ ಬರ್ತೈತಿ ನೋಡು, ನನಗ ಅನ್ನಸಾಕತ್ತೈತಿ," ಎಂದರು.

ನಾನು ಮನೆಗೆ ಓಡಿದೆ. ಗಡಿಗೆಗೆ ಕೈ ಹಾಕಿ ಚೆಂಡು ತೆಗೆದೆ. ವಾಪಸ್ಸು ಬರುವಾಗ ಅದನ್ನು ಸೆರಗಿನಲ್ಲಿ ಮುಚ್ಚಲಿಲ್ಲ. ದಾರಿಯಲ್ಲಿ ಕಂಡವರು ಒಬ್ಬೊಬ್ಬರಾಗಿ ನನ್ನ ಹಿಂದೆ ಬಂದರು. ಮೈದಾನದಲ್ಲಿ ಬಲೆಯ ಕಂಬ ನೆಡಿಸುತ್ತಿದ್ದ ಶಮೀಮ್, ನಮ್ಮ ಓಣಿಯ ಕ್ಯಾಪ್ಟನ್ ದೊಡ್ಡಬಸು, ಮೇಲಿನ ಓಣಿಯ ಕ್ಯಾಪ್ಟನ್ ವಿರೂಪಾಕ್ಷಿ ಎಲ್ಲರೂ ಅಲ್ಲೇ ಇದ್ದರು. ಚೆಂಡನ್ನು ಚನ್ನವೀರಯ್ಯನವರ ಕೈಗೆ ಕೊಟ್ಟೆ. ಆಟಕ್ಕೆ ಮೊದಲು ಅವರೇ ಕಾಯಿಸಿದ ಕಬ್ಬಿಣದಿಂದ ಹಾಕಿದ ಗುರುತು ಅದರ ಮೇಲಿತ್ತು. ಮುದುಕರು ಹೆಬ್ಬೆರಳಿನಿಂದ ಆ ಗುರುತು ಸವರಿದರು.

"ಇದು ಗುರುಪಾದಂದ. ಎಲ್ಲೆ ಸಿಕ್ಕಿತಬೇ?"

"ಸಿಗಲಿಲ್ರಿ. ನಾ ಹಿಡದೆ. ಐದು ವರ್ಷ ಆತು. ಹೇಳಲಿಲ್ಲ."

ಇವರ ಕಡೆ ನೋಡುವ ಧೈರ್ಯ ನನಗಾಗಲಿಲ್ಲ. ಮೊದಲು ಬಾಯಿ ಬಂದಿದ್ದು ದೊಡ್ಡಬಸುವಿಗೆ. "ಹಿಡದಿ? ಅಂದ್ರ ಔಟ್! ನಾವು ಗೆದ್ದೇವಿ!" ಎಂದು ಅವನು ನನ್ನನ್ನು ಎತ್ತಿಕೊಳ್ಳಲೇ ಬಂದ. ನಾನು ಅವನನ್ನು ಹಿಂದಕ್ಕೆ ನೂಕಿದೆ. ಅಷ್ಟರಲ್ಲಿ ವಿರೂಪಾಕ್ಷಿ ನಡುವೆ ನುಗ್ಗಿದ.

"ನಿಂದರ್ರಿ, ನಿಂದರ್ರಿ. ಹಿಡದದ್ದನ್ನ ಯಾರ ನೋಡ್ಯಾರ? ಹಿಡದಿದ್ರ ಅವತ್ತ ಕೂಗತಿದ್ದಳು. ಯಾವ ಆಟಗಾರ ಕ್ಯಾಚ್ ಹಿಡದು ಬಾಯಿ ಮುಚ್ಕೊಂಡು ಮನಿಗೆ ಹೋಗ್ತಾನ? ನೆಲಕ್ಕ ಬಿದ್ದದ್ದನ್ನ ಆರಿಸ್ಕೊಂಡು ಬಚ್ಚಿಟ್ಟಾಳ. ತವರ ಓಣಿ ಸೋಲಬಾರದು ಅಂತ ಗಂಡನ ರನ್ ಕದ್ದಾಳ!"

ಜನ ಗುಜುಗುಜು ಎಂದರು. ಸುಳ್ಳುಗಾತಿ ಎನ್ನಲಿ, ಒಪ್ಪುತ್ತೇನೆ. ಕಳ್ಳಿ ಎನ್ನುವುದೇ? ಆ ಕ್ಯಾಚು ಹಿಡಿದ ಕೈ ಇದು ಎಂದು ಕಿರುಚಬೇಕೆನಿಸಿತು. ಆದರೆ ಅವನು ಕೇಳಿದ್ದರಲ್ಲಿ ನ್ಯಾಯವಿತ್ತು. ಚನ್ನವೀರಯ್ಯ ಚೆಂಡನ್ನು ಬಿಸಿಲಿಗೆ ಹಿಡಿದು ಮಣ್ಣಿನ ಕಲೆ ಹುಡುಕಿದರು. ಹುಣಸೆಹಣ್ಣಿನಲ್ಲಿ ಐದು ವರ್ಷ ಕೂತ ಚೆಂಡು ಪೂರ್ತಿ ಕಪ್ಪಾಗಿತ್ತು. ನನಗಿದ್ದ ಒಂದೇ ಸಾಕ್ಷಿಯನ್ನು ನಾನೇ ಹಾಳು ಮಾಡಿಟ್ಟಿದ್ದೆ.

"ಹಳೇ ನಿಯಮ ಒಂದೈತಿ," ಎಂದರು ಚನ್ನವೀರಯ್ಯ. "ಅಂಪೈರ್ ನೋಡಲಾರದ್ದಕ್ಕ ಹೊಡದಾವನ್ನ ಕೇಳಬೇಕು. ಅಂವಾ ಏನಂತಾನ, ಅದ ಖರೆ."

"ಆ ನಿಯಮ ನಾಳೆಯಿಂದ ಇರೂದಿಲ್ಲ ಅಜ್ಜಾರ," ಎಂದಳು ಶಮೀಮ್.

"ಇವತ್ತ ಐತಲ್ಲವಾ."

ಅವರು ಚೆಂಡನ್ನು ತೆಗೆದುಕೊಂಡು ಹೋಗಿ ಇವರ ಕೈಯಲ್ಲಿಟ್ಟರು. ಆಗ ನಾನು ತಲೆ ಎತ್ತಿದೆ. ಇವರು ಚೆಂಡನ್ನು ಹೊರಳಿಸಿ ಹೊರಳಿಸಿ ನೋಡಿದರು. ನೆಲಕ್ಕೆ ಬಿದ್ದಿತ್ತು ಎಂದು ಒಂದು ಮಾತು ಅಂದರೆ ಸಾಕು, ಊರಿನಲ್ಲಿ ಇವರ ಹೊಡೆತ ಶಾಶ್ವತ. ಉಳಿದ ಎರಡು ಚೀಲ ಕುಂಟಿಕೊಂಡು ದಾಟಿದರೂ ನೂರು ಜನ ಹೆಗಲ ಮೇಲೆ ಹೊರುತ್ತಿದ್ದರು. ನಾನು ಕಳ್ಳಿಯಾಗುತ್ತಿದ್ದೆ. ಇವರು ಹಾಗೆ ಅಂದುಬಿಡಲಿ, ನನಗೆ ಅದೇ ತಕ್ಕ ಶಾಸ್ತಿ ಎಂದೂ ಒಂದು ಕ್ಷಣ ಅನಿಸಿತು. ಮರುಕ್ಷಣವೇ, ಅನ್ನಬಾರದು, ಬೇರೆ ಏನಾದರೂ ಅನ್ನಲಿ, ಅದನ್ನು ಮಾತ್ರ ಅನ್ನಬಾರದು ಎಂದು ಜೀವ ಒದ್ದಾಡಿತು.

"ಸಾವಂತ್ರಿ, ಯಾವ ಕೈಯಾಗ ಹಿಡದಿ?" ಎಂದರು.

"ಎಡಗೈಯಾಗ್ರಿ. ಹಿಂದಕ್ಕ ಓಡಿ."

"ಎಷ್ಟ ಹೆಜ್ಜಿ?"

"ನಾಕು."

"ಭಾರ ಇತ್ತೇನು?"

"ಕೈ ಮೊಣಕೈತನಾ ಜುಮ್ ಅಂತು. ಮೂರು ದಿನ ರೊಟ್ಟಿ ಬಡೀಲಿಕ್ಕೆ ಆಗಲಿಲ್ಲ. ಕೈ ಉಳುಕೇತಿ ಅಂದಿದ್ದೆ ನಿಮಗ."

ಅವರಿಗೆ ಅದು ನೆನಪಾಯಿತು, ಮುಖ ನೋಡಿದರೆ ತಿಳಿಯುತ್ತಿತ್ತು. ಆ ಮೂರು ದಿನ ರೊಟ್ಟಿ ಬಡಿದವರು ಅವರೇ. ಚೆಂಡನ್ನು ಚನ್ನವೀರಯ್ಯನವರಿಗೆ ವಾಪಸ್ಸು ಕೊಟ್ಟರು. ಎರಡೂ ಕೈಯಿಂದ ಮೊಣಕಾಲು ಹಿಡಿದು, ಊದಿದ ಪಾದವನ್ನು ಚೀಲದ ಮೇಲಿಂದ ಎತ್ತಿ ನೆಲಕ್ಕಿಟ್ಟರು.

"ಔಟ್," ಎಂದು ಅವರೇ ಹೇಳಿದರು.

ದೊಡ್ಡಬಸು ಕೂಗಲಿಲ್ಲ. ಕಂಬ ನೆಡುವವರು ಗುದ್ದಲಿ ಹಿಡಿದುಕೊಂಡೇ ನಿಂತಿದ್ದರು. ಶಮೀಮ್ ನೀರಿನ ತಂಬಿಗೆ ತಂದು ಕೊಟ್ಟಳು. ಇವರು ಪೂರ್ತಿ ಕುಡಿದು, ಮುಖ ಒರೆಸಿಕೊಂಡು, ಮನೆಯ ದಾರಿ ಹಿಡಿದರು. ನಾನು ಹಿಂದೆಯೇ ಹೋದೆ. ಮೇಲಿನ ಓಣಿಯ ತಿರುವಿನವರೆಗೂ ಬೈಯಲಿ ಎಂದು ಕಾಯುತ್ತಿದ್ದೆ. ಬೈದಿದ್ದರೆ ತಿರುಗಿ ನಾನೂ ನಾಲ್ಕು ಮಾತು ಅಂದು ಹಗುರಾಗುತ್ತಿದ್ದೆ, ನನ್ನ ಸ್ವಭಾವವೇ ಹಾಗೆ.

ತಿರುವಿನಲ್ಲಿ ಒಂದು ಗೋಡೆಗೆ ಕೈಯೂರಿ ನಿಂತರು. "ಹೇಳಬೇಕಂತ ಅನ್ನಿಸಿರಲಿಲ್ಲೇನು?" ಎಂದು ಕೇಳಿದರು.

"ದಿನಾ ಅನ್ನಿಸ್ತಿತ್ರಿ. ಇದ ದಾರಿಯಾಗ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ. ನಿಮ್ಮ ಮಾರಿ ನೋಡಿ ಸುಮ್ನಾಗ್ತಿದ್ದೆ. ನಿಮಗ ತಾಳೂದು ಆಗೂದಿಲ್ಲ ಅಂತ."

ಅವರು ತಲೆಯಾಡಿಸಿದರು. "ಹಿಡದಿದ್ದು ಆಟ. ಅದಕ್ಕ ನಾ ಇಳದ ಬಂದೆ, ಅದರ ಬಗ್ಗೆ ನನಗ ಬ್ಯಾಸರಿಲ್ಲ. ಖರೆ ಹೇಳ್ಬೇಕಂದ್ರ ಛಲೋ ಹಿಡದಿ. ಆದರ ದಿನಾ ಎರಡ ಸಲ ನನ್ನ ಮಾರಿ ನೋಡಿ, ಇಂವಾ ಸೋಲು ತಾಳೋ ಮನಶ್ಯಾ ಅಲ್ಲ ಅಂತ ನೀನ ತೀರ್ಮಾನ ಮಾಡಿದಿ. ಅದಕ್ಕ ನಾ ಯಾವ ಅಂಪೈರ್‌ನ ಕೇಳ್ಲಿ?"

ಐದು ವರ್ಷ ನಾನು ಅದನ್ನೇ ಪ್ರೀತಿ ಎಂದುಕೊಂಡಿದ್ದೆ. ಕಾಲು ಊರಲಾಗದೆ ಅವರು ಹಲ್ಲು ಕಚ್ಚುವುದು ಕಂಡು ತೋಳು ಹಿಡಿಯಲು ಹೋದೆ. ಬೇಡ ಎಂದು ಕೈ ಬಿಡಿಸಿಕೊಂಡು, ಗೋಡೆಯನ್ನೇ ಆಸರೆ ಮಾಡಿಕೊಂಡು ಮುಂದೆ ನಡೆದರು. ನಾನು ಮುಟ್ಟದೆ ಪಕ್ಕದಲ್ಲಿ ನಡೆದೆ, ಬಿದ್ದರೆ ಹಿಡಿಯಲು ಬರುವಷ್ಟು ಹತ್ತಿರದಲ್ಲಿ.